ನಳಿಗೆ ದೊಡ್ಡದು ಮಾಡಿದರೆ ಹಂದಿ ಬೀಳುತ್ತದೆಯೇ?

ಕಳೆದ ತಿಂಗಳು ಒಂದು ಭಾನುವಾರ. ಡೊಂಬಿವಲಿಯ ನಮ್ಮ ಮನೆಯಲ್ಲಿ ಎರಡನೇ ಸುತ್ತಿನ ಕಾಫಿ ನಡೆಯುತ್ತಿತ್ತು. ಊರಿನಿಂದ ಅಣ್ಣನ ಮಗನ ಫೋನು.

"ಚಿಕ್ಕಪ್ಪ, ಒಂದು ನಲವತ್ತು ಸಾವಿರ ಬೇಕಿತ್ತು."

ಕೊನೆಕೊಯ್ಲಿನ ಕೂಲಿಗೋ, ಪಂಪ್‌ಸೆಟ್ಟಿಗೋ ಅಂದುಕೊಂಡೆ. ಎರಡೂ ಅಲ್ಲ. "ಅಜ್ಜಯ್ಯನ ರೈಫಲ್ಲಿನ ನಳಿಗೆ ದೊಡ್ಡದು ಮಾಡಿಸ್ತೀನಿ. ಲೇತ್ ಕೆಲಸದವನೊಬ್ಬ ಸಿಕ್ಕಿದಾನೆ. .315 ತೋಟೆ ಹಂದಿಗೆ ಸಾಲ್ತಾ ಇಲ್ಲ."

ಕೊಡುವುದಿಲ್ಲ ಅಂದೆ. ಅವನಿಗೆ ಸಿಟ್ಟು ಬಂತು. "ಮುಂಬೈಯಲ್ಲಿ ಕೂತವರಿಗೆ ಹಂದಿ ಕಾಟ ಏನು ಗೊತ್ತು?" ಅಂದು ಫೋನ್ ಇಟ್ಟ.

ಮಾತು ನಿಜವೇ. ಒಂದು ರಾತ್ರಿ ಹಂದಿ ಹಿಂಡು ನುಗ್ಗಿದರೆ ಗದ್ದೆಯ ಅಂಚೂ ಉಳಿಯುವುದಿಲ್ಲ, ಬಾಳೆಯ ಬುಡವೂ ಉಳಿಯುವುದಿಲ್ಲ. ಅದನ್ನು ಬೆಳಿಗ್ಗೆ ಎದ್ದು ನೋಡುವವನು ಅವನು, ಲೋಕಲ್ ಟ್ರೇನಿನಲ್ಲಿ ನೇತಾಡುವ ನಾನಲ್ಲ. ಆದರೂ ನಾನು ಹೇಳಿದ "ಇಲ್ಲ" ಸರಿಯೇ ಅಂತ ಇಲ್ಲಿ ವಾದಿಸುತ್ತಿದ್ದೇನೆ. ಕಾರಣ, ಇದನ್ನು ಓದುವ ನಿಮ್ಮಲ್ಲಿ ಅನೇಕರ ಊರಿನ ಮನೆಯಲ್ಲಿ ಒಂದು ಹಳೇ ಕೋವಿ ಇದೆ, ಅಲ್ಲೊಬ್ಬ ಹುರುಪಿನ ಹುಡುಗ ಇದ್ದಾನೆ, ಮತ್ತು ಹಣ ಕಳಿಸುವವರು ನಾವು!

ಮೊದಲು ಆ ರೈಫಲ್ ಏನು ಅಂತ ನೋಡೋಣ. ನಮ್ಮಲ್ಲಿ ಲೈಸೆನ್ಸಿಗೆ ಸಿಗುವ .315 ಸ್ಪೋರ್ಟಿಂಗ್ ರೈಫಲ್, ಬಂಗಾಳದ ಇಶಾಪುರ ಕಾರ್ಖಾನೆಯದು. ಹಿಡಿ ಎತ್ತಿ ಹಿಂದಕ್ಕೆಳೆದು ಮುಂದಕ್ಕೆ ತಳ್ಳುವ ಬೋಲ್ಟ್, ಮೂಲದಲ್ಲಿ ಸೈನ್ಯದ ಲೀ-ಎನ್‌ಫೀಲ್ಡ್ ಮಾದರಿ. ಸೈನ್ಯದ ರೈಫಲ್ .303 ಇದ್ದಾಗ ಇದು ಮಾತ್ರ .315 ಯಾಕಾಯಿತು? ಹೆಚ್ಚು ಬಲ ಬೇಕು ಅಂತ ಅಲ್ಲ ಸ್ವಾಮಿ. ಬ್ರಿಟಿಷ್ ಸರ್ಕಾರಕ್ಕೆ ತನ್ನ ಸೈನ್ಯದ ತೋಟೆ ಜನರ ಕೋವಿಗೆ ಹೊಂದಬಾರದಿತ್ತು. ಹಾಗಾಗಿ ಆಸ್ಟ್ರಿಯಾ ಸೈನ್ಯದ ಹಳೇ 8 ಮಿ.ಮೀ. ಮಾನ್ಲಿಕರ್ ತೋಟೆಯನ್ನು ತಂದು ಈ ರೈಫಲ್ಲಿಗೆ ಹೊಂದಿಸಿದರು. ಸ್ವಾತಂತ್ರ್ಯ ಬಂದ ಮೇಲೂ ಅದೇ ಮುಂದುವರಿಯಿತು.

ಇನ್ನೊಂದು ಉದಾಹರಣೆ ಇದಕ್ಕಿಂತ ಸ್ವಾರಸ್ಯದ್ದು. ಅದೇ ಇಶಾಪುರದಲ್ಲಿ .303 ರೈಫಲ್ಲುಗಳನ್ನು .410 ಮಸ್ಕೆಟ್ಟುಗಳನ್ನಾಗಿ ಮಾಡುತ್ತಿದ್ದರು. 7.7 ಮಿ.ಮೀ. ಇದ್ದ ನಳಿಗೆ 10.4 ಮಿ.ಮೀ. ಆಯಿತು. ಕೇಳಿದರೆ ಭಾರೀ ಆಯುಧ ಅನ್ನಿಸುತ್ತದೆ. ಆದರೆ ಒಳಗೆ ಗುಂಡನ್ನು ತಿರುಗಿಸುವ ಸುರುಳಿ ಗೆರೆಗಳಿಲ್ಲ, ನುಣುಪು ನಳಿಗೆ. ಒಂದು ಸಲಕ್ಕೆ ಒಂದೇ ತೋಟೆ. ಪೊಲೀಸರಿಗೆ, ಪಹರೆಯವರಿಗೆ ಕೊಡುತ್ತಿದ್ದ ಆಯುಧ ಅದು. 1857ರ ನಂತರ ಬ್ರಿಟಿಷರಿಗೆ ನಮ್ಮವರ ಕೈಗೆ ಒಳ್ಳೆಯ ಬಂದೂಕು ಕೊಡಲು ಭಯ. ಆದ್ದರಿಂದ ದೂರಕ್ಕೆ ಗುರಿ ಮುಟ್ಟದ, ಸೈನ್ಯದ ತೋಟೆ ಹಾಕಲಾಗದ ಆಯುಧ ಮಾಡಿದರು. ಅಂದರೆ ನಮ್ಮ ದೇಶದಲ್ಲಿ ಬೋಲ್ಟ್ ರೈಫಲ್ಲಿನ ನಳಿಗೆಯನ್ನು ಸರ್ಕಾರವೇ ಹಿಗ್ಗಿಸಿದ್ದು ಆಯುಧದ ಶಕ್ತಿ ಕಡಿಮೆ ಮಾಡಲಿಕ್ಕೆ! ನಮ್ಮ ಹುಡುಗ ನಲವತ್ತು ಸಾವಿರ ಕೊಟ್ಟು ಅದೇ ಕೆಲಸ ಮಾಡಿಸಲು ಹೊರಟಿದ್ದಾನೆ.

"ಹೊರದೇಶದಲ್ಲಿ ಮಾಡ್ತಾರಲ್ಲ?" ಅಂತ ಅವನ ಪ್ರಶ್ನೆ. ಹೌದು, ಮಾಡುತ್ತಾರೆ, ಅದನ್ನು ಮುಚ್ಚಿಡುವುದಿಲ್ಲ. ಬರ್ಲಿನ್‌ನ ಕೋವಿ ತಯಾರಕ ಓಟ್ಟೊ ಬಾಕ್ 1905ರಲ್ಲಿ ಸಾಧಾರಣ ಮೌಸರ್ ರೈಫಲ್ಲಿಗೇ ಹೊಂದುವ 9.3 ಮಿ.ಮೀ. ತೋಟೆ ಮಾಡಿದ. ಆಫ್ರಿಕಾಕ್ಕೆ ಹೋಗುವ ಜರ್ಮನ್ನರಿಗೆ ದುಬಾರಿ ಜೋಡುನಳಿಗೆ ಕೊಳ್ಳುವ ಖರ್ಚು ಉಳಿಯಿತು. ಅಮೆರಿಕದಲ್ಲಿ 1922ರಲ್ಲಿ .30-06 ತೋಟೆಯ ಕತ್ತನ್ನು ಹಿಗ್ಗಿಸಿ .35 ವ್ಹೇಲನ್ ಅಂತ ಮಾಡಿದರು. ಅದು ಎಷ್ಟು ಒಳ್ಳೆಯದಾಗಿತ್ತೆಂದರೆ 1988ರಲ್ಲಿ ರೆಮಿಂಗ್ಟನ್ ಕಂಪನಿಯೇ ಅದನ್ನು ತನ್ನ ಅಧಿಕೃತ ತೋಟೆಯಾಗಿ ತಂದಿತು.

ಆದರೆ ಅವರು ಮಾಡಿದ್ದೇನು ಅಂತ ಗಮನಿಸಿ. ಹಳೇ ನಳಿಗೆಯನ್ನು ಕೊರೆದು ತೆಳ್ಳಗೆ ಮಾಡಲಿಲ್ಲ. ಹೊಸ ತೋಟೆಗೆಂದೇ ಮಾಡಿದ ಹೊಸ ನಳಿಗೆ ಕೂರಿಸಿದರು. ತೋಟೆಯ ಬುಡ ಬೋಲ್ಟಿಗೆ ಸರಿಯಾಗಿ ಕೂರಬೇಕು, ಒತ್ತಡ ಆ ಉಕ್ಕು ತಡೆಯುವಷ್ಟೇ ಇರಬೇಕು, ಆಮೇಲೆ ಪರೀಕ್ಷೆ ಆಗಬೇಕು. ಯುರೋಪಿನಲ್ಲಿ ಇದಕ್ಕೆಂದೇ ಪರೀಕ್ಷಾಲಯಗಳಿವೆ. ಅಲ್ಲಿ ಹೆಚ್ಚಿನ ಒತ್ತಡದ ತೋಟೆ ಹಾರಿಸಿ ನೋಡಿ, ತಡೆದರೆ ಮಾತ್ರ ಮುದ್ರೆ ಒತ್ತುತ್ತಾರೆ. ನಮ್ಮ ಲೇತಿನವನ ಹತ್ತಿರ ಯಾವ ಮುದ್ರೆ ಇದೆ? ಅವನು ಪಂಪಿನ ಶಾಫ್ಟ್ ಚೆನ್ನಾಗಿ ಕಡೆಯಬಹುದು. ಶಾಫ್ಟ್ ತುಂಡಾದರೆ ತೋಟಕ್ಕೆ ನೀರು ನಿಲ್ಲುತ್ತದೆ. ಕೋವಿಯ ಕೋಣೆ ಒಡೆದರೆ ಕೆನ್ನೆಗೆ ಒತ್ತಿ ಹಿಡಿದ ಉಕ್ಕೇ ಮುಖಕ್ಕೆ ಬರುತ್ತದೆ.

ಲೀ-ಎನ್‌ಫೀಲ್ಡ್ ಜಾತಿಯ ರೈಫಲ್ಲಿನಲ್ಲಿ ಬೋಲ್ಟನ್ನು ಹಿಡಿದಿಡುವ ಕಿವಿಗಳು ಇರುವುದು ಹಿಂಭಾಗದಲ್ಲಿ. ಮೌಸರಿನಲ್ಲಿ ತೋಟೆಯ ಹತ್ತಿರ, ಮುಂದೆ. 1960ರ ದಶಕದಲ್ಲಿ ಇದೇ ಇಶಾಪುರದವರು ಈ ಮಾದರಿಯನ್ನು 7.62 ಮಿ.ಮೀ. ತೋಟೆಗೆ ಹೊಂದಿಸುವಾಗ, ಒತ್ತಡ ಜಾಸ್ತಿ ಅಂತ ಉಕ್ಕನ್ನೇ ಬದಲಿಸಿ ಗಟ್ಟಿ ಉಕ್ಕಿನಲ್ಲಿ ಮಾಡಿದರು. ಮೂಲ ತಯಾರಕರಿಗೇ ಅಷ್ಟು ಎಚ್ಚರ. ನಮ್ಮವರಿಗೆ "ಏನಾಗಲ್ಲ ಚಿಕ್ಕಪ್ಪ!"

ಇನ್ನು ಕಾನೂನು. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಮಿನ ಪ್ರಕಾರ ಕೋವಿ ತಯಾರಿಸಲು, ಮಾರಲು ಮಾತ್ರವಲ್ಲ, ಪರಿವರ್ತಿಸಲಿಕ್ಕೂ ಅದಕ್ಕೆಂದೇ ಲೈಸೆನ್ಸ್ ಬೇಕು. 2019ರ ತಿದ್ದುಪಡಿಯ ನಂತರ ಇದನ್ನು ಮೀರಿದರೆ ಕನಿಷ್ಠ 7 ವರ್ಷ, ಗರಿಷ್ಠ ಜೀವಾವಧಿ ಶಿಕ್ಷೆ. ನಮ್ಮ ಅಣ್ಣನ ಲೈಸೆನ್ಸ್ ಪುಸ್ತಕದಲ್ಲಿ ಕೋವಿಯ ನಂಬರೂ ಇದೆ, ಬೋರೂ ಇದೆ. ಚುನಾವಣೆ ಬಂದಾಗ ಕೋವಿಯನ್ನು ಠಾಣೆಯಲ್ಲಿ ಇಡಬೇಕಾಗುತ್ತದೆ. ಪುಸ್ತಕದಲ್ಲಿ .315, ನಳಿಗೆಯಲ್ಲಿ ಬೇರೆ! ಜೈಲಿಗೆ ಹೋಗುವವನು ಲೈಸೆನ್ಸ್‌ದಾರನಾದ ಅರವತ್ತು ದಾಟಿದ ನಮ್ಮಣ್ಣ, ಫೋನ್ ಮಾಡಿದ ಹುಡುಗ ಮಾತ್ರ ಅಲ್ಲ.

ಇನ್ನೊಂದು ಸರಳ ಪ್ರಶ್ನೆ. ತೋಟೆ ಎಲ್ಲಿಂದ ತರ್ತೀಯ ಮಗಾ? ಅಂಗಡಿಯವನು ಲೈಸೆನ್ಸಿನಲ್ಲಿ ಬರೆದ ಬೋರಿನ ತೋಟೆ ಮಾತ್ರ ಕೊಡುತ್ತಾನೆ. ಬೇರೆಯದು ಕಳ್ಳದಾರಿಯಲ್ಲೇ ಬರಬೇಕು.

"ಕೊಡಗಿನವರಿಗೆ ಲೈಸೆನ್ಸೇ ಬೇಡವಂತೆ" ಅಂತ ಕೆಲವರು ನಡುವೆ ಎಳೆದು ತರುತ್ತಾರೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಆ ವಿನಾಯಿತಿ ಇದೆ, 2021ರಲ್ಲಿ ಹೈಕೋರ್ಟ್ ಕೂಡ ಎತ್ತಿಹಿಡಿದಿದೆ. ಅದು ಕೋವಿ ಇಟ್ಟುಕೊಳ್ಳಲು, ಒಯ್ಯಲು ಕೊಟ್ಟದ್ದು. ಲೇತಿನ ಮೇಲೆ ಏರಿಸಲು ಅಲ್ಲ. ಕೈಲ್‌ಪೊಳ್ದ್ ದಿನ ಅವರು ಕೋವಿಗೆ ಹೂವಿಟ್ಟು ಪೂಜೆ ಮಾಡುತ್ತಾರೆ. ನಾವು ಅಪ್ಪಯ್ಯನ ಕೋವಿಯ ಹೊಟ್ಟೆ ಕೊರೆಸಬೇಕೇ?

ಈಗ ಮುಖ್ಯ ಮಾತಿಗೆ ಬರೋಣ. .315 ಹಂದಿಗೆ ಸಾಲುವುದಿಲ್ಲವೇ? ಡಬ್ಲ್ಯು.ಡಿ.ಎಂ. ಬೆಲ್ ಎಂಬ ಸ್ಕಾಟ್ಲೆಂಡಿನವ ಆಫ್ರಿಕಾದಲ್ಲಿ ಸಾವಿರಕ್ಕೂ ಹೆಚ್ಚು ಆನೆ ಹೊಡೆದ. ಅದು ಹೊಗಳುವ ಕೆಲಸವಲ್ಲ, ದಂತದ ವ್ಯಾಪಾರ. ಆದರೆ ಅವುಗಳಲ್ಲಿ ಬಹುಪಾಲು ಬಿದ್ದದ್ದು 7 ಮಿ.ಮೀ. ರೈಫಲ್ಲಿಗೆ, ಅಂದರೆ ನಮ್ಮದಕ್ಕಿಂತ ಸಣ್ಣ ನಳಿಗೆಗೆ. ಆನೆಯ ತಲೆಬುರುಡೆ ಸೀಳಿಸಿ ಮಿದುಳು ಎಲ್ಲಿದೆ ಅಂತ ಅವನು ಕಲಿತಿದ್ದ. ಜಿಮ್ ಕಾರ್ಬೆಟ್ಟರಿಗೆ 1907ರಲ್ಲಿ ಚಂಪಾವತದ ನರಭಕ್ಷಕ ಹೆಣ್ಣು ಹುಲಿಯನ್ನು ಕೊಂದದ್ದಕ್ಕೆ ಉಡುಗೊರೆಯಾಗಿ ಬಂದ ರಿಗ್ಬಿ ರೈಫಲ್ ಕೂಡ ಅದೇ ಬೋರು, .275. ನಮ್ಮ ಹುಡುಗ ತೇಜಸ್ವಿಯವರ ಕನ್ನಡದಲ್ಲಿ ಕೆನೆತ್ ಆಂಡರ್ಸನ್ ಓದಿ .405 ವಿಂಚೆಸ್ಟರ್ ಕನಸು ಕಾಣುತ್ತಾನೆ. ಆಂಡರ್ಸನ್ ರಾತ್ರಿಯಿಡೀ ಸೊಳ್ಳೆ ಕಡಿಸಿಕೊಂಡು ಕಾದದ್ದು, ಗಾಯಗೊಂಡ ಪ್ರಾಣಿಯ ಹಿಂದೆ ಜೀವ ಕೈಯಲ್ಲಿ ಹಿಡಿದು ಹೋದದ್ದು ಅವನ ಕಣ್ಣಿಗೆ ಬೀಳಲೇ ಇಲ್ಲ.

ಕಳೆದ ವರ್ಷ ಏನಾಯಿತು ಅಂತ ಅಣ್ಣ ನನಗೆ ಬೇರೆಯಾಗಿ ಹೇಳಿದ. ಹುಡುಗ ಟಾರ್ಚಿನ ಬೆಳಕಿನಲ್ಲಿ ಗದ್ದೆಯ ಆಚೆ ತುದಿಗೆ, ಓಡುತ್ತಿದ್ದ ಹಂದಿಗೆ ಹೊಡೆದ. ಈಡು ಹಿಂಗಾಲಿಗೆ ತಾಗಿತು. ಮೂರು ದಿನದ ಮೇಲೆ ಹಳ್ಳದ ಬದಿ ವಾಸನೆ ಬಂದಾಗ ಗೊತ್ತಾಯಿತು. ಇದರಲ್ಲಿ ನಳಿಗೆಯ ತಪ್ಪೇನು? ಆ ಕೋವಿಯ ಗುರಿಕಡ್ಡಿ ಸರಿ ಇದೆಯೇ ಅಂತ ಅಪ್ಪಯ್ಯ ತೀರಿಕೊಂಡ ಮೇಲೆ ಯಾರೂ ನೋಡಿಲ್ಲ. ಅಪ್ಪಯ್ಯ ಮಾಡಿದ್ದೆಲ್ಲ ಕಾನೂನು ಪ್ರಕಾರ ಇತ್ತು ಅಂತ ನಾನು ಹೇಳುವುದಿಲ್ಲ. ಆದರೆ ಹತ್ತಿರ ಬರದೆ, ಅಡ್ಡ ನಿಲ್ಲದೆ ಅವರು ಕುದುರೆ ಎಳೆದದ್ದನ್ನು ನಾನು ಕಾಣೆ. ಎಷ್ಟೋ ರಾತ್ರಿ ತೋಟೆ ಖರ್ಚಾಗದೆ ವಾಪಸ್ ಬರುತ್ತಿದ್ದರು. ಅಮ್ಮ ಬೈಯುತ್ತಿದ್ದಳು.

ಬ್ಯಾಂಕಿನಲ್ಲಿ ಮೂವತ್ತು ವರ್ಷ ಇದೇ ನೋಡಿದ್ದೇನೆ. ವ್ಯಾಪಾರ ನಷ್ಟದಲ್ಲಿದ್ದವನು ಬಂದು "ಸಾರ್, ಲಿಮಿಟ್ ಜಾಸ್ತಿ ಮಾಡಿಕೊಡಿ" ಅನ್ನುತ್ತಾನೆ. ಲೆಕ್ಕ ತೆಗೆದು ನೋಡಿದರೆ ಉದ್ರಿ ವಸೂಲಿಯಾಗಿಲ್ಲ, ಗೋದಾಮಿನಲ್ಲಿ ಮಾಲು ಕೊಳೆಯುತ್ತಿದೆ. ಲಿಮಿಟ್ ಏರಿಸಿದರೆ ಮುಳುಗುವ ಮೊತ್ತ ಏರುತ್ತದೆ, ಅಷ್ಟೇ.

ಹಂದಿ ಕಾಟ ಸುಳ್ಳಲ್ಲ. 1972ರ ವನ್ಯಜೀವಿ ಕಾಯ್ದೆಯ 11ನೇ ಕಲಮಿನಲ್ಲೇ ಬೆಳೆ ಹಾಳು ಮಾಡುವ ಪ್ರಾಣಿಗೆ ಲಿಖಿತ ಅನುಮತಿ ಪಡೆಯುವ ದಾರಿ ಇದೆ. ಆ ಕಾಗದಕ್ಕೆ ರೈತನನ್ನು ಕಚೇರಿಯಿಂದ ಕಚೇರಿಗೆ ಅಲೆಸುವವರ ಮೇಲೆ ನನಗೂ ಸಿಟ್ಟಿದೆ. ಪರಿಹಾರ ಕೇಳಿದರೆ ಫೋಟೊ ತನ್ನಿ, ಪಹಣಿ ತನ್ನಿ ಅಂತ ಓಡಾಡಿಸಿದರೆ ಹುಡುಗರು ಲೇತಿನವನ ಹತ್ತಿರ ಹೋಗದೆ ಇನ್ನೇನು ಮಾಡಿಯಾರು? ಹುಡುಗನ ಸಿಟ್ಟು ತಿರುಗಬೇಕಾದದ್ದು ಆ ಕಡೆಗೆ. ಅಪ್ಪಯ್ಯನ ರೈಫಲ್ಲಿನ ಮೇಲಲ್ಲ.

ಕೊನೆಗೆ ನಾನು ಮಾಡಿದ್ದು ಇಷ್ಟು. ನಲವತ್ತು ಸಾವಿರವನ್ನು ಅಣ್ಣನ ಖಾತೆಗೆ ಹಾಕಿ, ಗದ್ದೆಯ ಸುತ್ತ ಸೋಲಾರ್ ಬೇಲಿಗೆ ಮಾತ್ರ ಅಂತ ಹೇಳಿದೆ. ಕೋವಿಯನ್ನು ಲೈಸೆನ್ಸ್ ಇರುವ ರಿಪೇರಿಯವನಿಗೆ ತೋರಿಸಿ ಗುರಿಕಡ್ಡಿ ಸರಿ ಮಾಡಿಸು, ಅದರ ಬಿಲ್ಲೂ ನನ್ನದೇ ಅಂದೆ. ಅಣ್ಣ "ಆಯ್ತು ಮಾರಾಯ" ಅಂದ.

ಹುಡುಗ ಮಾತ್ರ ಮೂರು ವಾರದಿಂದ ಫೋನ್ ಮಾಡಿಲ್ಲ. ಎಂಟು ವರ್ಷದವನಿದ್ದಾಗ ಮುಂಬೈಗೆ ಬಂದು ಸಮುದ್ರ ನೋಡಿ ನನ್ನ ಕೈ ಬಿಡದೆ ನಿಂತಿದ್ದ ಹುಡುಗ. ಸಿಟ್ಟು ಇಳಿಯದಿದ್ದರೆ ಚಿಂತೆಯಿಲ್ಲ. ಅವನ ಎರಡು ಕಣ್ಣು, ಹತ್ತು ಬೆರಳು ನೆಟ್ಟಗಿರಲಿ.

ನಿಮ್ಮ ಊರಿನಿಂದಲೂ ಇಂಥ ಫೋನು ಬಂದರೆ, ದಯವಿಟ್ಟು ಹಣ ಕಳಿಸುವ ಮುಂಚೆ ಯಾತಕ್ಕೆ ಅಂತ ಒಂದು ಮಾತು ಕೇಳಿ.