ಕೇತಯ್ಯನವರ ಬಿದಿರು, ನಮ್ಮ ಪ್ಲಾಸ್ಟಿಕ್ ಬುಟ್ಟಿ

ಶರಣ ಮೇದಾರ ಕೇತಯ್ಯನವರ ಸ್ಮರಣೆಯ ಸಭೆಯೊಂದರಲ್ಲಿ ಪ್ರಸಾದದ ರೊಟ್ಟಿ ಪ್ಲಾಸ್ಟಿಕ್ ಬುಟ್ಟಿಯಲ್ಲಿ ಬಂತು. ಬಿದಿರು ಹೆಣೆಯುವುದೇ ಆ ಶರಣರ ಕಾಯಕವಾಗಿತ್ತು! ಆದರೆ ದೂರುವ ಹಕ್ಕು ನನಗೂ ಇಲ್ಲ. ಸರ್ಕಾರಿ ಎಂಜಿನಿಯರ್ ಆಗಿ ನಾನು ಬರೆದ ಅಂದಾಜುಪಟ್ಟಿಗಳಲ್ಲಿ ಬಿದಿರು ಸಾರುವೆಗೆ ಮಾತ್ರ ಬಂತು. ಕೆಲಸ ಮುಗಿದೊಡನೆ ಕಳಚಿ ಬಿಸಾಡುವ ವಸ್ತುವಾಗಿ.

ಬಿದಿರು ಬಾಳುವುದಿಲ್ಲವೆಂಬುದು ಅರ್ಧ ಸತ್ಯ. ಅದರೊಳಗಿನ ಪಿಷ್ಟಕ್ಕೆ ಹುಳು ಬೀಳುತ್ತದೆ. ಬಲಿತ ಬಿದಿರನ್ನು ಬೋರಾಕ್ಸ್, ಬೋರಿಕ್ ಆಮ್ಲದ ದ್ರಾವಣದಲ್ಲಿ ನೆನೆಸಿ, ನೆರಳಲ್ಲಿ ಒಣಗಿಸಿ, ಮಳೆ ಮತ್ತು ನೆಲದ ತೇವ ತಾಗದಂತೆ ಬಳಸಿದರೆ ವರ್ಷಾನುಗಟ್ಟಲೆ ಬಾಳುತ್ತದೆ. ರೊಟ್ಟಿ ಬುಟ್ಟಿಗೆ ಮಾತ್ರ ಈ ಮದ್ದು ಬೇಡ, ಬಿಸಿಲು ಸಾಕು. 2017ರ ತಿದ್ದುಪಡಿಯ ನಂತರ ಅರಣ್ಯದ ಹೊರಗೆ ಬೆಳೆದ ಬಿದಿರು ಅರಣ್ಯ ಕಾಯ್ದೆಯ ಲೆಕ್ಕದಲ್ಲಿ ಮರವಲ್ಲ. 2022ರಲ್ಲಿ ಉದ್ಘಾಟನೆಯಾದ ಬೆಂಗಳೂರು ವಿಮಾನ ನಿಲ್ದಾಣದ ಎರಡನೇ ಟರ್ಮಿನಲ್‌ನಲ್ಲಿ ತಲೆಯೆತ್ತಿ ನೋಡಿ: ಚಾವಣಿಗೆ ಬಿದಿರು!

ಹೊಸ ವಿನ್ಯಾಸ ವಸ್ತುವಿಗೆ ಮರ್ಯಾದೆ ತಂದಿತು. ಹೆಣೆಯುವ ಕೈಗೆ ತಂದಿತೇ? ವಿನ್ಯಾಸಕಾರನಿಗೆ ಹೆಸರು, ಮೇದಾರನಿಗೆ ದಿನಗೂಲಿ ಎಂದಾದರೆ ಅದು ಪುನರುಜ್ಜೀವನವಲ್ಲ. ಕಾಯಕದಲ್ಲಿ ಮೇಲುಕೀಳಿಲ್ಲವೆಂದ ಶರಣರ ವಾರಸುದಾರರು ನಾವು.

ಮಠಗಳಿಗೆ ನನ್ನ ವಿನಂತಿ ಸಣ್ಣದು. ದಾಸೋಹದ ಬುಟ್ಟಿ, ಮೊರ, ಸಭಾಂಗಣದ ತಟ್ಟಿಗಳನ್ನು ಊರಿನ ಮೇದಾರರಿಂದಲೇ, ಮುಂಗಡ ಕೊಟ್ಟು, ಚೌಕಾಸಿ ಮಾಡದೆ ಕೊಳ್ಳೋಣ. ಮಠಗಳ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಅವರನ್ನು ಗುರುಗಳಾಗಿ ಕೂರಿಸೋಣ. ಬಿದಿರು ನೆನೆಸುವ ತೊಟ್ಟಿಯ ನಕ್ಷೆ ಬರೆದುಕೊಡಲು ನಾನು ಸಿದ್ಧ.