ಪ್ರತಿ ಸರ್ಕ್ಯೂಟಿಗೂ ತನ್ನದೇ ನ್ಯೂಟ್ರಲ್: ಒಂದು ಮನವಿ ಪತ್ರ

ಗೆ,
ಮುಖ್ಯ ವಿದ್ಯುತ್ ಪರಿವೀಕ್ಷಕರು,
ಕರ್ನಾಟಕ ಸರ್ಕಾರ, ಬೆಂಗಳೂರು.

ವಿಷಯ: ಮನೆ ಹಾಗೂ ಸಣ್ಣ ವರ್ಕ್‌ಶಾಪ್‌ಗಳಲ್ಲಿ ಹಲವು ಸರ್ಕ್ಯೂಟ್‌ಗಳಿಗೆ ಒಂದೇ ನ್ಯೂಟ್ರಲ್ ತಂತಿ ಬಳಸುವುದನ್ನು ತಡೆಯುವ ಬಗ್ಗೆ.

ಮಾನ್ಯರೇ,

ಬಾಡಿಗೆ ಮನೆಗಳ ನಿವಾಸಿಗಳು, ಸಣ್ಣ ವರ್ಕ್‌ಶಾಪ್‌ಗಳ ಮಾಲೀಕರು ಮತ್ತು ಪರವಾನಗಿ ಪಡೆದ ವೈರ್‌ಮನ್‌ಗಳು ಸೇರಿ ಈ ಮನವಿ ಸಲ್ಲಿಸುತ್ತಿದ್ದಾರೆ. ಅವರ ದೂರು ಇರುವುದು ಒಂದು ಕಪ್ಪು ತಂತಿಯ ಮೇಲೆ. ಫೇಸ್‌ಗೆ ಎಂಸಿಬಿ ಹಾಕುವಾಗ ಆಂಪಿಯರ್ ಲೆಕ್ಕ ನೋಡುವವರೇ ನ್ಯೂಟ್ರಲ್ ವಿಷಯ ಬಂದಾಗ ‘ಅದರಲ್ಲೇನು ಕರೆಂಟ್ ಇರುತ್ತೆ, ಕಾಮನ್ ಮಾಡು’ ಎಂದು ಪಕ್ಕದ ಬಾಕ್ಸ್‌ನಿಂದ ಲೂಪ್ ಹೊಡೆದು ಕೆಲಸ ಮುಗಿಸುತ್ತಾರೆ. ಉಳಿಯುವುದು ನಾಲ್ಕಾರು ಮೀಟರ್ ತಂತಿ.

ಮಹಡಿ ಮೆಟ್ಟಿಲಿನ ದೀಪವನ್ನೇ ನೋಡಬಹುದು. ಕೆಳಗೊಂದು ಟೂ-ವೇ ಸ್ವಿಚ್, ಮೇಲೊಂದು. ಫೇಸ್ ಬರುವುದು ಕೆಳಗಿನ ಮನೆಯ ವಿತರಣಾ ಬೋರ್ಡಿನಿಂದ. ನ್ಯೂಟ್ರಲ್ ಮಾತ್ರ, ಹತ್ತಿರವಿದೆಯೆಂದು, ಮೇಲಿನ ಮನೆಯದು. ಕರೆಂಟ್ ಸೋರಿದರೆ ಲೈನ್ ಕಡಿಯುವ ಆರ್‌ಸಿಸಿಬಿಗೆ ಗೊತ್ತಿರುವುದು ಒಂದೇ ಲೆಕ್ಕ: ಹೋದಷ್ಟು ಕರೆಂಟ್ ತನ್ನ ಮೂಲಕವೇ ಮರಳಬೇಕು. 9 ವ್ಯಾಟ್‌ನ ಎಲ್‌ಇಡಿ ಬಲ್ಬ್ ಕೂಡ ಸುಮಾರು 40 ಮಿಲಿಆಂಪಿಯರ್ ಎಳೆಯುತ್ತದೆ, ಮನೆಗಳಲ್ಲಿ ಹಾಕುವ ಆರ್‌ಸಿಸಿಬಿ 30ಕ್ಕೇ ಟ್ರಿಪ್ ಆಗುತ್ತದೆ. ಮೆಟ್ಟಿಲಿನ ದೀಪ ಹಾಕಿದರೆ ಮನೆಯೇ ಕತ್ತಲು! ಆಮೇಲೆ ನಡೆಯುವ ‘ರಿಪೇರಿ’ ಇನ್ನೂ ವಿಚಿತ್ರ. ನ್ಯೂಟ್ರಲ್ ಹುಡುಕುವ ತಾಪತ್ರಯವೇ ಬೇಡವೆಂದು ಆರ್‌ಸಿಸಿಬಿಯನ್ನು ಬೈಪಾಸ್ ಮಾಡಿ ಲೈನ್ ಡೈರೆಕ್ಟ್ ಕೊಡುತ್ತಾರೆ. ಗೀಸರ್ ಶಾಕ್ ಹೊಡೆದ ದಿನ ಜೀವ ಉಳಿಸಬೇಕಿದ್ದ ಸಾಧನ ಒಂದು ಬಲ್ಬಿಗಾಗಿ ಗೋಡೆಯ ಮೇಲಿನ ಅಲಂಕಾರವಾಗುತ್ತದೆ.

ಒಂದೇ ಫೇಸ್‌ನ ಎರಡು 16 ಆಂಪಿಯರ್ ಸರ್ಕ್ಯೂಟ್‌ಗಳಿಗೆ ನ್ಯೂಟ್ರಲ್ ಒಂದೇ ಆದರೆ ಆ ತಂತಿಯಲ್ಲಿ 32 ಆಂಪಿಯರ್ ಹರಿಯಬಹುದು. ಎರಡೂ ಎಂಸಿಬಿಗಳ ಪಾಲಿಗೆ ಎಲ್ಲವೂ ಸರಿಯಾಗಿಯೇ ಇರುತ್ತದೆ. ಪೈಪಿನೊಳಗೆ ತಂತಿಯ ಪ್ಲಾಸ್ಟಿಕ್ ಕರಗುವುದು ಅವಕ್ಕೆ ತಿಳಿಯುವುದಿಲ್ಲ.

ತ್ರೀ-ಫೇಸ್ ಇರುವ ವರ್ಕ್‌ಶಾಪ್‌ನ ಅಪಾಯ ಬೇರೆಯದು. ಬೇರೆ ಬೇರೆ ಫೇಸ್‌ಗಳ ಸರ್ಕ್ಯೂಟ್‌ಗಳು ನ್ಯೂಟ್ರಲ್ ಹಂಚಿಕೊಂಡಾಗ, ಲೋಡ್ ಸಮವಾಗಿದ್ದರೆ, ಕರೆಂಟ್ ಪರಸ್ಪರ ವಜಾ ಆಗುತ್ತದೆ ಎಂಬ ಮಾತು ಸುಳ್ಳಲ್ಲ. ಆದರೆ ನ್ಯೂಟ್ರಲ್‌ನ ಒಂದು ಸ್ಕ್ರೂ ಸಡಿಲವಾಗಿ ತಂತಿ ಕಳಚಿದರೆ, ಅಥವಾ ಹಳೆಯ ಬೋರ್ಡಿನಲ್ಲಿ ನ್ಯೂಟ್ರಲ್‌ಗೂ ಹಾಕಿರುವ ಫ್ಯೂಸ್ ಹೋದರೆ, ಎರಡು ಫೇಸ್‌ಗಳ ನಡುವಿನ 400 ವೋಲ್ಟ್ ನೇರ ಉಪಕರಣಗಳ ಮೇಲೆ ಬೀಳುತ್ತದೆ. ಒಂದು ಫೇಸ್‌ನಲ್ಲಿ 1000 ವ್ಯಾಟ್‌ನ ಹೀಟರ್, ಇನ್ನೊಂದರಲ್ಲಿ 100 ವ್ಯಾಟ್‌ನ ಬಲ್ಬ್ ಇದೆಯೆನ್ನಿ. ಲೆಕ್ಕದ ಪ್ರಕಾರ ಹೀಟರ್‌ಗೆ ಸಿಗುವುದು ಸುಮಾರು 36 ವೋಲ್ಟ್, ಬಲ್ಬಿಗೆ 364. ಬಲ್ಬಿನ ಜಾಗದಲ್ಲಿ ಕಂಪ್ಯೂಟರ್ ಇದ್ದರೆ ಅದು ಸುಟ್ಟಿತೆಂದೇ ತಿಳಿಯಬೇಕು. ಇಂಥ ಹಂಚಿಕೆಗೆ ಅವಕಾಶ ಕೊಟ್ಟಿರುವ ಅಮೆರಿಕದ ವೈರಿಂಗ್ ಸಂಹಿತೆ ಕೂಡ 2008ರಿಂದ, ಸಂಬಂಧಪಟ್ಟ ಫೇಸ್‌ಗಳೆಲ್ಲ ಒಟ್ಟಿಗೇ ಆಫ್ ಆಗಬೇಕೆಂಬ ಷರತ್ತು ವಿಧಿಸಿದೆ. ಆ ಷರತ್ತು ವೈರ್‌ಮನ್‌ನ ಜೀವಕ್ಕಾಗಿ. ಒಂದು ಎಂಸಿಬಿ ಇಳಿಸಿ, ಫೇಸ್‌ಗೆ ಟೆಸ್ಟರ್ ಹಿಡಿದು ನೋಡಿ, ಧೈರ್ಯದಿಂದ ನ್ಯೂಟ್ರಲ್ ಜಾಯಿಂಟ್ ಬಿಚ್ಚಿದವನ ಕೈಯಲ್ಲಿ, ಇನ್ನೂ ಆನ್ ಇರುವ ಪಕ್ಕದ ಸರ್ಕ್ಯೂಟಿನ ಪೂರ್ತಿ 230 ವೋಲ್ಟ್ ಬಂದು ನಿಲ್ಲುತ್ತದೆ.

ಬಾಡಿಗೆದಾರರಿಗೆ ಹೊಡೆತ ಬಿಲ್ಲಿನಲ್ಲಿ. ಈಗಿನ ಎಷ್ಟೋ ಸಿಂಗಲ್-ಫೇಸ್ ಮೀಟರ್‌ಗಳು ಫೇಸ್, ನ್ಯೂಟ್ರಲ್ ಎರಡನ್ನೂ ಅಳೆದು ಹೆಚ್ಚಿರುವುದನ್ನು ಲೆಕ್ಕಕ್ಕೆ ಹಿಡಿಯುತ್ತವೆ. ವ್ಯತ್ಯಾಸ ಕಂಡರೆ ‘ಅರ್ತ್ ಲೋಡ್’ ಸೂಚಕ ಹೊತ್ತಿಸುತ್ತವೆ. ಕಳ್ಳತನ ತಡೆಯಲು ಇದು ಬೇಕಾದದ್ದೇ. ಆದರೆ ಒಂದೇ ಫೇಸ್‌ನಲ್ಲಿರುವ ಎರಡು ಮನೆಗಳ ಪೈಕಿ ಮೇಲಿನವರ 2000 ವ್ಯಾಟ್ ಗೀಸರ್‌ನ ನ್ಯೂಟ್ರಲ್ ಕೆಳಗಿನವರ ಮೀಟರ್ ಮೂಲಕ ಮರಳಿದರೆ, ಗಂಟೆಗೆ 2 ಯೂನಿಟ್ ಮೇಲೂ ಏರುತ್ತದೆ, ಕೆಳಗೆ ಒಂದು ದೀಪ ಉರಿಯದಿದ್ದರೂ ಅಲ್ಲಿಯೂ ಏರುತ್ತದೆ. ಸರ್ಕಾರದ ಉಚಿತ ವಿದ್ಯುತ್ ಯೋಜನೆ ಗೃಹಜ್ಯೋತಿಯಲ್ಲಿ ತಿಂಗಳಿಗೆ 200 ಯೂನಿಟ್ ದಾಟಿದವರು ಪೂರ್ತಿ ಬಿಲ್ ಕಟ್ಟಬೇಕು. ಕೆಳಗಿನವರು ಗಡಿ ದಾಟಿದ್ದು ಯಾರ ಬಿಸಿನೀರಿನಿಂದ ಎಂಬುದನ್ನು ಬಿಲ್ ಹೇಳುವುದಿಲ್ಲ.

ಅರ್ಜಿದಾರರು ಹೊಸ ಕಾನೂನು ಕೇಳುತ್ತಿಲ್ಲ. ಪ್ರತಿ ಸರ್ಕ್ಯೂಟ್ ಬೇರೆಯಾಗಿರಬೇಕೆಂಬುದೇ ವೈರಿಂಗ್ ಕುರಿತ ಭಾರತೀಯ ಮಾನಕ ಐಎಸ್ 732ರ ಆಶಯ. ಅದು ಗೋಡೆಯೊಳಗೂ ಪಾಲನೆಯಾಗಬೇಕು. ಗುತ್ತಿಗೆದಾರರು ಕೊಡುವ ವೈರಿಂಗ್ ಪೂರ್ಣಗೊಂಡ ವರದಿಯಲ್ಲಿ, ಪ್ರತಿ ಸರ್ಕ್ಯೂಟಿನ ನ್ಯೂಟ್ರಲ್ ಬಿಡಿಸಿ, ಮೆಗ್ಗರ್ ಹಿಡಿದು, ಅದು ಬೇರೆ ಯಾವ ನ್ಯೂಟ್ರಲ್‌ಗೂ ತಗುಲಿಲ್ಲವೆಂದು ದೃಢಪಡಿಸುವ ಅಂಕಣ ಕಡ್ಡಾಯವಾಗಲಿ. ಬೇರೆ ಬೇರೆ ಮೀಟರ್‌ಗಳ ನ್ಯೂಟ್ರಲ್ ಒಳಗೆಲ್ಲೋ ಕೂಡಿರುವ ಕಟ್ಟಡಗಳಲ್ಲಿ ಅದನ್ನು ಬಿಡಿಸುವ ಖರ್ಚು ಮಾಲೀಕರದ್ದಾಗಲಿ. ತಪಾಸಣೆ ಕೋರುವ ಹಕ್ಕು ಬಾಡಿಗೆದಾರರಿಗೂ ಇರಲಿ. ಆರ್‌ಸಿಸಿಬಿ ಬೈಪಾಸ್ ಮಾಡಿದ್ದು ಸಾಬೀತಾದರೆ ಪರವಾನಗಿದಾರರ ಮೇಲೆ ಕ್ರಮವಾಗಲಿ. ಇದನ್ನು ಕೇಳುತ್ತಿರುವವರಲ್ಲಿ ವೈರ್‌ಮನ್‌ಗಳೂ ಇದ್ದಾರೆ ಎಂಬುದನ್ನು ಗಮನಿಸಬೇಕು.

ಕೊನೆಯದಾಗಿ, ಅರ್ತ್ ಲೋಡ್ ಸೂಚಕ ಹೊತ್ತಿದ ಮನೆಗೆ ಕಳ್ಳತನದ ನೋಟಿಸ್ ಹೋಗುವ ಮೊದಲು ನ್ಯೂಟ್ರಲ್ ಬೆರೆತಿದೆಯೇ ಎಂಬ ಪರೀಕ್ಷೆ ಆಗಬೇಕೆಂದು ವಿದ್ಯುತ್ ಸರಬರಾಜು ಕಂಪನಿಗಳಿಗೆ ತಾವು ಪತ್ರ ಬರೆಯಬೇಕೆಂದೂ, ಅದರ ಪ್ರತಿಯನ್ನು ಅರ್ಜಿದಾರರಿಗೆ ಕಳುಹಿಸಬೇಕೆಂದೂ ಕೋರಲಾಗಿದೆ.

ಇಂತಿ ತಮ್ಮ ವಿಶ್ವಾಸಿಗಳು,
ಅರ್ಜಿದಾರರು