ಅಲಸಂದಿ ಅಕ್ಕಡಿ ಹೊಲ ಬಿಟ್ಟದ್ದು ಯಾಕೆ?

ಜೋಳದ ನಡುವೆ ಅಲಸಂದಿ ಹಾಕ್ರಿ ಅಂತ ಹೇಳೋದು ಸುಲಭ. ಬಳ್ಳಾರಿ ಸುತ್ತಿನ ಹಿರಿಯ ರೈತರಿಗೆ ಅದನ್ನು ಹೊಸದಾಗಿ ಕಲಿಸಬೇಕಿಲ್ಲ, ಅಕ್ಕಡಿ ಸಾಲು ನೋಡಿಕೊಂಡೇ ಬೆಳೆದವರು ಅವರು. ಅದು ಹೊಲ ಬಿಟ್ಟು ಹೋದದ್ದು ಯಾಕೆ ಅನ್ನೋದನ್ನು ಮಾತ್ರ ಯಾರೂ ಕೇಳುವುದಿಲ್ಲ.

ಒಂದು ಕಾರಣ ನೀರು. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದ ಮೇಲೆ ಸಿರುಗುಪ್ಪ, ಕುರುಗೋಡು ಕಡೆ ಕಾಲುವೆ ಕೆಳಗಿನ ಹೊಲಗಳು ಭತ್ತಕ್ಕೆ ಹೋದವು. ಅದು ಸರಿ. ಆದರೆ ಕಾಲುವೆ ಹತ್ತದ ಮಸಾರಿ ಹೊಲದಲ್ಲೂ ಅಕ್ಕಡಿ ಕಡಿಮೆಯಾಗಿದೆಯಲ್ಲ? ನನ್ನ ಪ್ರಕಾರ ಅಲ್ಲಿ ದೊಡ್ಡ ಕಾರಣ ಅಟ್ರಾಜಿನ್. ಕಳೆ ತೆಗೆಯಲು ಆಳು ಸಿಗುವುದಿಲ್ಲ, ಬಿತ್ತಿದ ಕೂಡಲೇ ಕಳೆನಾಶಕ ಹೊಡೆಯುತ್ತಾರೆ. ಜೋಳ ಅದನ್ನು ತಡೆದುಕೊಳ್ಳುತ್ತದೆ, ಅಲಸಂದಿ ಸುಟ್ಟುಹೋಗುತ್ತದೆ. ಆಮೇಲೆ ಬೀಜ ಸರಿಯಿಲ್ಲ ಅಂತ ಬೈಯುವುದು! ಎರಡೂ ಬೆಳೆ ಬೇಕಂದ್ರೆ ಅಟ್ರಾಜಿನ್ ಬಿಟ್ಟು ಎಡೆಕುಂಟೆಗೆ ಮರಳಬೇಕು. ಅದರ ಖರ್ಚನ್ನು ಮುಚ್ಚಿಟ್ಟು ಅಂತರ ಬೆಳೆಯ ಲಾಭ ಹೇಳುವವರನ್ನು ನಂಬಬೇಡಿ.

ಸಾಲಿನ ಅಂತರ 45 ಸೆಂ.ಮೀ. ಇಟ್ಟು, ಎರಡು ಸಾಲು ಜೋಳಕ್ಕೆ ಒಂದು ಸಾಲು ಅಲಸಂದಿ ಹಾಕಿದರೆ ಎಡೆ ಹೊಡೆಯಲು ತೊಂದರೆಯಿಲ್ಲ. ಬಳ್ಳಿ ಹಬ್ಬುವ ತಳಿ ಬೇಡ, ಅದು ಜೋಳದ ದಂಟಿಗೇ ಸುತ್ತಿಕೊಳ್ಳುತ್ತದೆ. ಸಿ-152ರಂಥ ತಳಿ ನೋಡಿ. ಇದೆಲ್ಲ ಮುಂಗಾರಿ ಮಾತು. ಎರೆ ಹೊಲದ ಹಿಂಗಾರಿ ಬಿಳಿಜೋಳ ಮಣ್ಣಲ್ಲಿ ಉಳಿದ ತೇವದ ಮೇಲೇ ಬದುಕಬೇಕು. ಅಲ್ಲಿ ಅಲಸಂದಿಯನ್ನು ತೇವದ ಪಾಲಿಗೆ ಕೂರಿಸಬೇಡಿ, ಕುಸುಬೆ ಅಕ್ಕಡಿಯೇ ವಾಸಿ.

ಅಲಸಂದಿ ಪಕ್ಕದ ಜೋಳಕ್ಕೆ ಸಾರಜನಕ ಉಣಿಸುತ್ತದೆ ಅನ್ನುವ ಮಾತು ಅರ್ಧ ನಿಜ. ಬೇರಿನ ಗಂಟುಗಳಲ್ಲಿ ಕೂಡಿಟ್ಟದ್ದನ್ನು ಅದು ಬಹುಪಾಲು ತಾನೇ ಬಳಸಿಕೊಳ್ಳುತ್ತದೆ. ಬೇರು, ಎಲೆ ಕೊಳೆತ ಮೇಲೆ ಲಾಭ ಸಿಗುವುದು ಮುಂದಿನ ಬೆಳೆಗೆ. ಹಾಗಾಗಿ ಜೋಳದ ಗೊಬ್ಬರ ಕಡಿಮೆ ಮಾಡಬೇಡಿ. ಮಳೆ ಮಧ್ಯದಲ್ಲಿ ಕೈಕೊಟ್ಟು ಜೋಳದ ತೆನೆ ಜೊಳ್ಳಾದರೂ ಬೇಗ ಬರುವ ಅಲಸಂದಿ ಮನೆಗೆ ಬೇಳೆ, ದನಕ್ಕೆ ಮೇವು ಕೊಡುತ್ತದೆ. ನಾನು ಅಕ್ಕಡಿ ಪರ ಇರುವುದು ಅದಕ್ಕೇ.

ಇನ್ನೊಂದು ತೊಡಕಿದೆ. ಕಾಯಿ ಒಟ್ಟಿಗೆ ಮಾಗುವುದಿಲ್ಲ, ಎರಡು ಮೂರು ಸಲ ಬಿಡಿಸಬೇಕು. ಆ ಕೆಲಸ ಬೀಳುವುದು ಮನೆಯ ಹೆಣ್ಣುಮಕ್ಕಳ ಮೇಲೆ, ಲೆಕ್ಕ ಬರೆಯುವಾಗ ಅವರ ಕೂಲಿ ಯಾರೂ ಹಿಡಿಯುವುದಿಲ್ಲ. ಬಿತ್ತುವ ಮೊದಲೇ ಅವರನ್ನು ಕೇಳಿ. ಬಿಡಿಸಲು ಆಗದು ಅಂದರೆ ಹೂ ಬಿಡುವ ಹೊತ್ತಿಗೇ ಹಸಿಯಾಗಿ ಕೊಯ್ದು ಒಣ ಸೊಪ್ಪೆ ಜೊತೆ ದನಕ್ಕೆ ಹಾಕಿ.